ತಾತಯ್ಯನವರೂ ಮರಿಮಲ್ಲಪ್ಪನವರ ಶಾಲೆಯೂ

ಮನುಷ್ಯನು ಸತ್ತ ಮೇಲೆ ಅವನ ಆಸ್ತಿಯು ಏನಾಗುತ್ತದೆಂಬದನ್ನು ನಾವು ನಮ್ಮ ಹಳ್ಳಿಗಳಲ್ಲಿ ಅನೇಕಾವರ್ತಿ ಕಂಡಿದ್ದೇವೆ. ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಮಾತುಬಿಡುವರು. ತಂದೆಯು ಬೆವರು ಸುರಿಸಿ ಕೂಡಿಸಿದ್ದು ಕೋರ್ಟಿನ ಖರ್ಚಿಗೂ ವಕೀಲರ ಫೀಜಿಗೂ ಸಾಲದೆ ಹೋಗುವದು. ಆದರೆ ಕೆಲವರ ಹಣಕ್ಕೆ ಬೇರೊಂದು ಗತಿಯುಂಟು. ಅದು ಅವರು ಕಾಣದ ಮಕ್ಕಳ ಕೈಯಲ್ಲಿ ಪುಸ್ತಕವಾಗಿ, ಬಾಯಲ್ಲಿ ವಿದ್ಯೆಯಾಗಿ, ನೂರು ವರುಷಗಳಾದರೂ ಕರಗದೆ ಉಳಿಯುವದು. ಅಂಥಾ ಒಂದು ದಾನವನ್ನೂ, ಆ ದಾನವನ್ನು ಕೆಡಗೊಡದೆ ಕಾಪಾಡಿದ ನಮ್ಮ ಸೀಮೆಯ ಒಬ್ಬ ಹಿರಿಯರನ್ನೂ ಕುರಿತು ಈ ತಿಂಗಳಲ್ಲಿ ಬರೆಯುತ್ತೇವೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಮೈಸೂರಿಗೆ ಹೋಗಿಬರುವವರಲ್ಲಿ ಅನೇಕರು ಅಲ್ಲಿಯ ಸೀತಾವಿಲಾಸ ರಸ್ತೆಯಲ್ಲಿರುವ ಮರಿಮಲ್ಲಪ್ಪನವರ ಶಾಲೆಯನ್ನು ನೋಡಿರಬಹುದು. ಅದು 1876ನೇ ಇಸವಿಯಲ್ಲಿ ಸ್ಥಾಪಿತವಾಯಿತು. ಮರಿಮಲ್ಲಪ್ಪನವರು ವಿದ್ಯಾಭ್ಯಾಸಕ್ಕೆಂದು ಮೀಸಲಾಗಿ ಬಿಟ್ಟುಹೋದ ಧನವೇ ಅದರ ಅಸ್ತಿಭಾರ. ಅವರು ಆ ಶಾಲೆಯ ಹಲಗೆಯ ಮೇಲೆ ಬರೆದ ಪಾಠವನ್ನು ನೋಡಲಿಲ್ಲ, ಅಲ್ಲಿ ಓದಿದ ಹುಡುಗರ ಮೊಗಗಳನ್ನು ಅರಿಯಲಿಲ್ಲ. ತಮಗೆ ಪ್ರತಿಫಲ ಸಿಕ್ಕುವದೆಂದು ಕೊಡುವವರು ಬಹಳ. ಫಲವನ್ನು ಕಣ್ಣಾರೆ ಕಾಣಲಾರೆನೆಂದು ತಿಳಿದೂ ಕೊಡುವವರು ವಿರಳ. ಆದಾಗ್ಯೂ ಹಣವು ತಾನಾಗಿ ಪಾಠ ಹೇಳಲಾರದು. ಬಿತ್ತನೆಯ ರಾಗಿಯನ್ನು ಕಣಜದಲ್ಲಿಟ್ಟರೆ ಹುಳವು ತಿನ್ನುವದು. ಒಕ್ಕಲಿಗನು ಅದನ್ನು ಹೊಲಕ್ಕೆ ಒಯ್ದರೆ ಮಾತ್ರ ಪೈರಾಗುವದು. ಈ ದಾನಕ್ಕೆ ಒಕ್ಕಲಿಗರಾಗಿ ದೊರೆತವರು ಎಂ. ವೆಂಕಟಕೃಷ್ಣಯ್ಯನವರು. ಇವರನ್ನು ಮೈಸೂರಿನ ಜನರು ಪ್ರೀತಿಯಿಂದ ತಾತಯ್ಯನವರೆಂದು ಕರೆದರು.

ಇವರು 1844ನೇ ಇಸವಿಯಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಮಗ್ಗೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆ ಕಾಲದಲ್ಲಿ ಮೈಸೂರು ದೇಶದ ಆಡಳಿತವು ಇಂಗ್ಲಿಷ್ ಕಮಿಷನರರ ಕೈಯಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದರೂ ರಾಜ್ಯಭಾರವು ಅವರದಾಗಿರಲಿಲ್ಲ. ನಮ್ಮ ಕಡೆಯೆಲ್ಲಾ ಕಾಡು, ದಾರಿಗಳು ಕಡಮೆ, ಮಳೆಗಾಲದಲ್ಲಿ ಕಪಿಲಾ ನದಿಯನ್ನು ದಾಟುವದೇ ಒಂದು ಸಾಹಸ. ಹಳ್ಳಿಯ ಹುಡುಗನು ಮರಳಿನಲ್ಲಿ ಅಕ್ಷರ ತಿದ್ದಿ, ಲೆಕ್ಕ ಬಾಯಿಪಾಠ ಮಾಡಿ ತೃಪ್ತಿಪಡಬೇಕಾಗಿತ್ತು. ಹೋಬಳಿಗೊಂದು ಸರಕಾರೀ ಶಾಲೆ ಎಂಬ ಏರ್ಪಾಟು 1868ರ ಸುಮಾರಿಗೆ ಬಂದಿತು. ಅಷ್ಟರೊಳಗೆ ಇವರು 24 ವರುಷದ ಯುವಕರಾಗಿದ್ದರು. ಹೀಗಿರಲಾಗಿ, ಕಾಡಂಚಿನ ಹಳ್ಳಿಯಿಂದ ಹೊರಟ ಇವರು ಓದಿ, ಇಂಗ್ಲಿಷನ್ನೂ ಕಲಿತು, ಪಟ್ಟಣದ ಶಾಲೆಗೆ ಮುಖ್ಯೋಪಾಧ್ಯಾಯರಾದದ್ದು ಸಣ್ಣ ಮಾತಲ್ಲ. ತಾವು ಹತ್ತಿದ ಏಣಿಯನ್ನು ಇವರು ಒದ್ದುಬಿಡಲಿಲ್ಲ. ಹಿಂದೆ ಬರುವ ಬಡ ಹುಡುಗರಿಗಾಗಿ ಅದನ್ನು ಹಿಡಿದುಕೊಂಡೇ ನಿಂತರು.

ಮರಿಮಲ್ಲಪ್ಪನವರ ಶಾಲೆಯು ಹುಟ್ಟಿದ ವರುಷವು ಎಂಥದೆಂದು ಓದುಗರು ನೆನಸಿಕೊಳ್ಳಬೇಕು. 1876ರಲ್ಲಿ ಮಳೆಯು ತಪ್ಪಿತು. ಮರುವರುಷವೂ ತಕ್ಕಷ್ಟು ಬರಲಿಲ್ಲ. 1878ರ ವರೆಗೆ ನಡೆದ ಆ ದೊಡ್ಡ ಬರವನ್ನು ಧಾತು ಈಶ್ವರದ ಬರವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ದೇಶದ ಜನರು 50 ಲಕ್ಷಕ್ಕೆ ಮೇಲ್ಪಟ್ಟಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕಿಂತಲೂ ಕಡಮೆಯಾಗಿದ್ದರು. ದನಗಳು ಸತ್ತವು, ಊರುಗಳು ಹಾಳುಬಿದ್ದವು, ತಾಯಿತಂದೆಗಳನ್ನು ಕಳಕೊಂಡ ಮಕ್ಕಳು ಬೀದಿಪಾಲಾದರು. ಇಂಥಾ ಕಾಲದಲ್ಲಿ ಶಾಲೆಯು ಯಾತಕ್ಕೆಂದು ಯಾರಾದರೂ ಕೇಳಬಹುದು. ಹಸಿದವನಿಗೆ ಮೊದಲು ಅನ್ನ ಬೇಕೆಂಬದು ನಿಜವೇ. ಆದರೆ ಅನ್ನವು ಅಂದಿನ ಹಸಿವನ್ನು ತಣಿಸುವದು. ವಿದ್ಯೆಯು ಮುಂದಿನ ತಲೆಮಾರು ಕೈಚಾಚದಂತೆ ಮಾಡುವದು. ಶಾಲೆಗೆಂದು ಮೀಸಲಾದ ಹಣವು ಇದ್ದುದರಿಂದ, ಎಲ್ಲವೂ ಕೆಟ್ಟುಹೋಗುತ್ತಿದ್ದ ಆ ದಿನಗಳಲ್ಲಿ ಒಂದು ಒಳ್ಳೇ ಕೆಲಸಕ್ಕೆ ಆರಂಭವಾದರೂ ದೊರಕಿತು. ಮುಂದಾಲೋಚನೆಯಿಂದ ಬಿಟ್ಟುಹೋದ ದಾನಕ್ಕೆ ಇರುವ ಬಲವು ಇದೇ.

ಈ ಶಾಲೆಯ ಮುಖ್ಯೋಪಾಧ್ಯಾಯರಾಗಿ ವೆಂಕಟಕೃಷ್ಣಯ್ಯನವರು ದೀರ್ಘಕಾಲ ದುಡಿದರು. ಪರರು ಬಿಟ್ಟ ಹಣವನ್ನು ನಡಿಸುವವನಿಗೆ ಎರಡು ಶೋಧನೆಗಳುಂಟೆಂದು ನಾವು ಬಲ್ಲೆವು. ಕೇಳುವವನು ಸತ್ತಿದ್ದಾನಲ್ಲಾ ಎಂದು ಹಣವನ್ನು ಬೇರೆ ಕಡೆಗೆ ತಿರುಗಿಸುವದು ಒಂದು. ಕೆಲಸವು ಹೇಗೂ ನಡೆಯುತ್ತದೆಂದು ಸೋಮಾರಿಯಾಗುವದು ಇನ್ನೊಂದು. ಮೊದಲನೆಯದು ಕಳ್ಳತನವೆಂದು ಎಲ್ಲರಿಗೂ ತಿಳಿದದೆ. ಎರಡನೆಯದನ್ನು ಕಳ್ಳತನವೆಂದು ಎಣಿಸುವವರು ಕಡಮೆ. ಆದರೆ ದಾನಿಯ ಹಣದಿಂದ ಸಂಬಳ ಪಡೆದು ಮಕ್ಕಳಿಗೆ ಅರೆಪಾಠ ಹೇಳುವವನು ಸತ್ತವನನ್ನೂ ಬದುಕಿರುವವರನ್ನೂ ಒಟ್ಟಿಗೆ ವಂಚಿಸುತ್ತಾನೆ. ತಾತಯ್ಯನವರು ಈ ಎರಡಕ್ಕೂ ಸಿಕ್ಕದೆ ನಡೆದರು. ಶಾಲೆಯು ಮೈಸೂರಿನಲ್ಲಿ ಹೆಸರುಗೊಂಡಿತು. ಅವರ ಕೈಕೆಳಗೆ ಓದಿದವರು ನಾನಾ ಉದ್ಯೋಗಗಳಿಗೆ ಹೋದರು. ಹೀಗೆ ಮರಿಮಲ್ಲಪ್ಪನವರ ಹೆಸರು ಕಲ್ಲಿನ ಮೇಲಲ್ಲ, ಜನರ ಬಾಳಿನಲ್ಲಿ ಬರೆಯಲ್ಪಟ್ಟಿತು.

ಶಾಲೆಯ ಬಾಗಿಲು ತೆರೆದಿದ್ದರೂ ಹಳ್ಳಿಯ ಬಡ ಹುಡುಗನಿಗೆ ಪಟ್ಟಣದಲ್ಲಿ ಉಣ್ಣಲು ಉಳಕೊಳ್ಳಲು ಸ್ಥಳ ಬೇಡವೇ? ನಮ್ಮ ತಾಲೂಕುಗಳಿಂದ ಮಕ್ಕಳನ್ನು ಓದಲಿಕ್ಕೆ ಕಳುಹಿಸಿದ ತಾಯಿತಂದೆಗಳು ಈ ಕಷ್ಟವನ್ನು ಚೆನ್ನಾಗಿ ಬಲ್ಲರು. ಮಗ್ಗೆಯಿಂದ ಬಂದ ತಾತಯ್ಯನವರಿಗೂ ಇದು ತಿಳಿದೇ ಇತ್ತು. ಆದಕಾರಣ ಅವರು ಮೈಸೂರಿನಲ್ಲಿ ಅನಾಥಾಲಯವನ್ನು ಕಟ್ಟಿ ಬೆಳಸುವದಕ್ಕೆ ಶ್ರಮಪಟ್ಟರು. ದಿಕ್ಕಿಲ್ಲದವರಿಗೂ ಬಡ ವಿದ್ಯಾರ್ಥಿಗಳಿಗೂ ಅಲ್ಲಿ ಅನ್ನವೂ ಆಶ್ರಯವೂ ದೊರೆತವು. ಹೆಣ್ಣುಮಕ್ಕಳ ವಿದ್ಯೆಯನ್ನು ಬಹು ಮಂದಿ ಹಳಿಯುತ್ತಿದ್ದ ಆ ಕಾಲದಲ್ಲಿ ಅವರು ಅದರ ಪಕ್ಷ ವಹಿಸಿದರು. ಈ ದಯೆಯ ಕೆಲಸಗಳ ನಿಮಿತ್ತ ಅವರಿಗೆ ದಯಾಸಾಗರರೆಂಬ ಬಿರುದು ಬಂದಿತು.

ಅವರು ಪತ್ರಿಕೆಗಳನ್ನೂ ನಡಿಸಿದರು. ವೃತ್ತಾಂತ ಚಿಂತಾಮಣಿ, ಸಾಧ್ವಿ, ಸಂಪದಭ್ಯುದಯ ಮುಂತಾದ ಪತ್ರಿಕೆಗಳ ಮೂಲಕ ಪ್ರಜೆಗಳ ಕಷ್ಟಗಳನ್ನು ಸರಕಾರದ ಕಿವಿಗೆ ಮುಟ್ಟಿಸಿದರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯೊಡನೆ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ಮುಂದೆ ತಾವೂ ಸದಸ್ಯರಾಗಿ, ದಿವಾನರ ಮುಖದ ಮುಂದೆಯೇ ನ್ಯಾಯವನ್ನು ಹೇಳಿದರು. 1908ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಮೈಸೂರಿನಲ್ಲಿ ಹುಟ್ಟಿದಾಗ, ಅದಕ್ಕೆ ತಲೆಬಾಗುವದಕ್ಕಿಂತ ಅಚ್ಚನ್ನು ನಿಲ್ಲಿಸುವದೇ ಮೇಲೆಂದೆಣಿಸಿ ತಮ್ಮ ಪತ್ರಿಕೆಗಳನ್ನು ಮುಚ್ಚಿದರು. ಇದರಿಂದ ನಷ್ಟವಾಯಿತು, ಆದರೆ ಮರ್ಯಾದೆಯು ಹೋಗಲಿಲ್ಲ. ನಂಬಿ ಒಪ್ಪಿಸಿದ್ದನ್ನು ಲಾಭಕ್ಕಾಗಿ ಬಿಟ್ಟುಕೊಡಬಾರದೆಂಬ ಗುಣವು ಶಾಲೆಯಲ್ಲಿಯೂ ಪತ್ರಿಕೆಯಲ್ಲಿಯೂ ಅವರಿಗೆ ಒಂದೇ ಆಗಿತ್ತು.

1933ನೇ ಇಸವಿಯಲ್ಲಿ, ಸುಮಾರು 89 ವರುಷದ ಪ್ರಾಯದಲ್ಲಿ, ಅವರು ತೀರಿಹೋದರು. ಮೈಸೂರಿನಲ್ಲಿ ಅವರ ಪ್ರತಿಮೆಯೂ, ತಾತಯ್ಯನವರ ಹೆಸರುಳ್ಳ ಉದ್ಯಾನವೂ ಉಂಟು. ಅವರು ನಮ್ಮ ಸಭೆಗೆ ಸೇರಿದವರಲ್ಲ, ಮರಿಮಲ್ಲಪ್ಪನವರೂ ಅಲ್ಲ. ಆದರೂ ಒಳ್ಳೇದು ಎಲ್ಲಿ ಕಂಡರೂ ಅದನ್ನು ಒಪ್ಪಿ ಕಲಿಯುವದು ನಮಗೆ ಯೋಗ್ಯವು.

ಇಂಥಾ ದಾನಗಳು ಬೇರೆ ಕಡೆಗಳಲ್ಲಿಯೂ ನಡೆದವೆ. ಬೆಳಗಾವಿ ಸೀಮೆಯ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡರು. ಅವರು ಸಾಯುವದಕ್ಕೆ ಮುಂಚೆ ತಮ್ಮ ದೊಡ್ಡ ಸಂಸ್ಥಾನವನ್ನು ವಿದ್ಯಾರ್ಥಿಗಳಿಗಾಗಿ ಮರಣಶಾಸನದಲ್ಲಿ ಬರೆದಿಟ್ಟರು. ಬೆಳಗಾವಿಯ ಕಾಲೇಜು ಅವರ ಹೆಸರನ್ನು ಹೊತ್ತದೆ. ಅಮೇರಿಕ ದೇಶದಲ್ಲಿ ಜಾನ್ ಹಾರ್ವರ್ಡರೆಂಬ ಎಳೇ ಪ್ರಾಯದ ಬೋಧಕರು 1638ರಲ್ಲಿ ಕ್ಷಯರೋಗದಿಂದ ಸತ್ತಾಗ, ತಮ್ಮ ಆಸ್ತಿಯಲ್ಲಿ ಅರ್ಧವನ್ನೂ ಸುಮಾರು 400 ಪುಸ್ತಕಗಳನ್ನೂ ಆಗತಾನೇ ಹುಟ್ಟಿದ್ದ ಒಂದು ವಿದ್ಯಾಶಾಲೆಗೆ ಬಿಟ್ಟರು. 1764ರಲ್ಲಿ ಬೆಂಕಿಬಿದ್ದು ಆ ಪುಸ್ತಕಗಳು ಬಹುಮಟ್ಟಿಗೆ ಸುಟ್ಟುಹೋದವು. ಆದರೆ ಆ ವಿದ್ಯಾಶಾಲೆಯು ಈ ದಿನದ ವರೆಗೂ ಅವರ ಹೆಸರಿನಿಂದಲೇ ನಡೆಯುತ್ತದೆ. ವಸ್ತುವು ಅಳಿದರೂ ಉದ್ದೇಶವು ಉಳಿದೀತೆಂಬದಕ್ಕೆ ಇದು ಸಾಕ್ಷಿ.

ಮರಣಶಾಸನವು ಧನಿಕರಿಗೆ ಮಾತ್ರವೆಂದು ನಮ್ಮ ಓದುಗರು ತಿಳಿಯಬಾರದು. ನಾಲ್ಕು ಗುಂಟೆ ಭೂಮಿಯುಳ್ಳವನೂ, ಹೊಗೆಸೊಪ್ಪಿನ ಬೆಳೆಯಿಂದ ಚೂರುಪಾರು ಉಳಿಸಿದವನೂ ಹೆಂಡತಿ ಮಕ್ಕಳಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿ, ಮಿಕ್ಕುದರಲ್ಲಿ ಒಂದು ಪಾಲನ್ನು ತಾನು ಓದಿದ ಶಾಲೆಗೆ ಬರೆಯಬಹುದು. ಒಂದು ಸಂಗತಿಯನ್ನು ವಿಶೇಷವಾಗಿ ತಿಳಿಸುತ್ತೇವೆ. 1925ರ ಉತ್ತರಾಧಿಕಾರದ ಕಾನೂನಿನ 118ನೇ ಕಲಮಿನ ಪ್ರಕಾರ, ಹತ್ತಿರದ ಬಂಧುಗಳುಳ್ಳ ಕ್ರೈಸ್ತನು ಧರ್ಮಕಾರ್ಯಕ್ಕೆ ಆಸ್ತಿಯನ್ನು ಬರೆದು ಹನ್ನೆರಡು ತಿಂಗಳೊಳಗೆ ಸತ್ತರೆ ಆ ಬರವಣಿಗೆಯು ನಿಲ್ಲುತ್ತಿರಲಿಲ್ಲ. ಕೇರಳದ ಒಬ್ಬ ಗುರುಗಳು ಇದನ್ನು ಪ್ರಶ್ನಿಸಲಾಗಿ, 2003ರಲ್ಲಿ ಸುಪ್ರೀಮ್ ಕೋರ್ಟು ಆ ಕಲಮನ್ನು ತೆಗೆದುಹಾಕಿತು. ಈಗ ಆ ಅಡ್ಡಿಯಿಲ್ಲ. ಬರೆಯುವವನು ಸ್ವಸ್ಥಬುದ್ಧಿಯಿಂದ ಬರೆದು ಇಬ್ಬರು ಸಾಕ್ಷಿಗಳ ಮುಂದೆ ರುಜು ಅಥವಾ ಹೆಬ್ಬೆಟ್ಟು ಹಾಕಬೇಕು. ಸಾಕ್ಷಿಗಳು ಅವನ ಮುಂದೆ ರುಜು ಹಾಕಬೇಕು. ಆಸ್ತಿಯನ್ನು ಪಡೆಯತಕ್ಕವರನ್ನೇ ಸಾಕ್ಷಿಗಳನ್ನಾಗಿ ಮಾಡಬಾರದು. ಮಾಡಿದರೆ ಅವರ ಪಾಲು ಕೆಡುವದು. ರಿಜಿಸ್ಟರು ಮಾಡಿಸುವದು ಕಡ್ಡಾಯವಲ್ಲ, ಆದರೆ ಮುಂದೆ ವ್ಯಾಜ್ಯ ಬಾರದಂತೆ ಮಾಡಿಸುವದು ಉತ್ತಮ. ಬದುಕಿರುವ ವರೆಗೆ ಅದನ್ನು ಬದಲಾಯಿಸಲೂಬಹುದು.

ಕೊನೆಗೆ, ಹೀಗೆ ಕೊಟ್ಟುಹೋದವರನ್ನು ನಾವು ಹೇಗೆ ಸನ್ಮಾನಿಸಬೇಕು? ವರುಷಕ್ಕೊಂದಾವರ್ತಿ ಪಟಕ್ಕೆ ಹಾರ ಹಾಕಿ, ಭಾಷಣ ಮಾಡಿ, ಮರುದಿನ ಮರೆಯುವದು ಸುಲಭ. ಹಣವನ್ನು ಹೇಳಿದ ಕೆಲಸಕ್ಕೇ ಹಾಕುವದು, ಲೆಕ್ಕವನ್ನು ಎಲ್ಲರ ಮುಂದೆ ಓದುವದು, ಮಕ್ಕಳಿಗೆ ದಾನಿಯ ಹೆಸರನ್ನು ಹೇಳಿಕೊಡುವದು, ಉಪಾಧ್ಯಾಯನು ಪೂರ್ಣ ಮನಸ್ಸಿನಿಂದ ಪಾಠ ಹೇಳುವದು, ಇವೇ ನಿಜವಾದ ಸನ್ಮಾನಗಳು. ಮರಿಮಲ್ಲಪ್ಪನವರಿಗೆ ತಾತಯ್ಯನವರು ಸಲ್ಲಿಸಿದ ಗೌರವವು ಇಂಥಾದ್ದು. ಒಬ್ಬರು ತಮ್ಮ ಧನವನ್ನು ಬಿಟ್ಟರು, ಮತ್ತೊಬ್ಬರು ತಮ್ಮ ಆಯುಸ್ಸನ್ನು ಕೊಟ್ಟರು. ಎರಡೂ ಕೂಡಿದ್ದರಿಂದ ಒಂದು ಶಾಲೆಯು ನಿಂತಿತು. ನಮ್ಮ ಊರುಗಳಲ್ಲಿಯೂ ಯಾರೋ ಬಿಟ್ಟುಹೋದ ನೆಲದ ಮೇಲೆ ನಿಂತಿರುವ ಶಾಲೆಗಳುಂಟು. ಅದರ ಹೆಂಚು ಒಡೆದಿದ್ದರೆ ಹೊದಿಸೋಣ, ಮಕ್ಕಳು ಬಾರದಿದ್ದರೆ ಮನೆಮನೆಗೆ ಹೋಗಿ ಕರೆದುತರೋಣ. ಕೊಟ್ಟವರು ಬಂದು ಕೇಳಲಾರರು. ಆದಕಾರಣವೇ ನಾವು ಹೆಚ್ಚು ಎಚ್ಚರವಾಗಿರಬೇಕು.