ಐಸ್ಲೇಬೆನ್ ಪಟ್ಟಣವೂ ಮಾರ್ಟಿನ್ ಲೂಥರನ ಕಡೆಯ ಪ್ರಯಾಣವೂ

ಜರ್ಮನಿ ದೇಶದಲ್ಲಿ ಹಾರ್ಟ್ಸ್ ಎಂಬ ಬೆಟ್ಟಗಳ ಮೂಡಣಕ್ಕೆ ಐಸ್ಲೇಬೆನ್ ಎಂಬ ಸಣ್ಣ ಪಟ್ಟಣವೊಂದುಂಟು. ಅದರ ಸುತ್ತಲಿನ ನೆಲದಡಿಯಲ್ಲಿ ತಾಮ್ರದ ಅದಿರುಳ್ಳ ಕರೀ ಕಲ್ಲಿನ ತೆಳುವಾದ ಪದರವಿದೆ. ಅನೇಕ ಶತಮಾನಗಳ ವರೆಗೆ ಜನರು ಅದನ್ನು ಅಗೆದು, ಕುಲುಮೆಗಳಲ್ಲಿ ಕರಗಿಸಿ ಜೀವಿಸಿದರು. 1990ರಲ್ಲಿ ಆ ಸೀಮೆಯ ಗಣಿಗಳು ಮುಚ್ಚಿಹೋದವು. ಅಗೆದು ಹಾಕಿದ ಕಲ್ಲಿನ ರಾಶಿಗಳು ಮಾತ್ರ ಇಂದಿಗೂ ಗುಡ್ಡಗಳಂತೆ ನಿಂತಿವೆ.

ಈ ಪಟ್ಟಣದಲ್ಲಿ 1483ನೆಯ ನವೆಂಬರ್ 10ರಂದು ಮಾರ್ಟಿನ್ ಲೂಥರನು ಹುಟ್ಟಿದನು. ಮರುದಿನ ಸಂತ ಮಾರ್ಟಿನನ ಹಬ್ಬವಾದದರಿಂದ ದೀಕ್ಷಾಸ್ನಾನದಲ್ಲಿ ಕೂಸಿಗೆ ಆ ಹೆಸರನ್ನೇ ಇಟ್ಟರು. ತಾಮ್ರದ ಕೆಲಸವನ್ನು ನಂಬಿದ್ದ ತಂದೆ ಹಾನ್ಸನು ಮುಂದಿನ ವರುಷವೇ ಸಂಸಾರ ಸಮೇತ ಹತ್ತಿರದ ಮಾನ್ಸ್‌ಫೆಲ್ಡಿಗೆ ಹೋದನು. ಲೂಥರನು 1517ರಲ್ಲಿ ವಿಟ್ಟೆನ್‌ಬೆರ್ಗಿನಲ್ಲಿ ಪಾಪಪರಿಹಾರ ಪತ್ರಗಳ ಮಾರಾಟವನ್ನು ವಿರೋಧಿಸಿದ್ದನ್ನೂ, ಸತ್ಯವೇದವನ್ನು ಜರ್ಮನ್ ಭಾಷೆಗೆ ತಿರುಗಿಸಿದ್ದನ್ನೂ ನಮ್ಮ ವಾಚಕರು ಬಲ್ಲರು. ಆತನ ಕಡೆಯ ಕೆಲಸವನ್ನು ಬಲ್ಲವರು ಕಡಿಮೆ.

ಆ ಸೀಮೆಯನ್ನಾಳುತ್ತಿದ್ದ ಮಾನ್ಸ್‌ಫೆಲ್ಡ್ ಪ್ರಭುಗಳು ಒಂದೇ ಮನೆತನದ ದಾಯಾದಿಗಳು. ಗಣಿ ಕುಲುಮೆಗಳ ಹಕ್ಕಿಗಾಗಿಯೂ, ಸಭೆ ಶಾಲೆಗಳ ಅಧಿಕಾರಕ್ಕಾಗಿಯೂ ಅವರಲ್ಲಿ ವ್ಯಾಜ್ಯ ಬೆಳೆಯಿತು. ಕುಲುಮೆ ನಡಿಸುವವರ ಜೀವನಕ್ಕೂ ಅಪಾಯ ಬಂತು. ಲೂಥರನ ತಮ್ಮನೂ ಅವರಲ್ಲೊಬ್ಬನು. ಲೂಥರನು 1545ರಲ್ಲಿ ಎರಡು ಸಾರಿ ಸಂಧಾನಕ್ಕೆ ಹೋದರೂ ಕಾರ್ಯ ಕೈಗೂಡಲಿಲ್ಲ. 1546ನೆಯ ಜನವರಿ 23ರಂದು, 62 ವರುಷದವನೂ ರೋಗಿಯೂ ಆಗಿದ್ದ ಆತನು ಕಡು ಚಳಿಯಲ್ಲಿಯೇ ತಿರಿಗಿ ಹೊರಟನು. ಹಾಲೆ ಪಟ್ಟಣದ ಬಳಿ ಜಾಲೆ ಹೊಳೆಯು ಉಕ್ಕಿ ಹರಿದದರಿಂದ ಕೆಲವು ದಿನ ಕಾಯಬೇಕಾಯಿತು. 28ರಂದು ಐಸ್ಲೇಬೆನನ್ನು ಸೇರಿ, ಸುಮಾರು ಮೂರು ವಾರ ಎರಡು ಪಕ್ಷದವರ ಮಾತುಗಳನ್ನೂ ಕೇಳಿದನು. ನಡುವೆ ನಾಲ್ಕು ಸಾರಿ ಪ್ರಸಂಗಿಸಿದನು. ಫೆಬ್ರವರಿ 16, 17ರಲ್ಲಿ ಒಡಂಬಡಿಕೆಯ ಪತ್ರಗಳಿಗೆ ರುಜುವಾಯಿತು. ಪಟ್ಟಣದಲ್ಲಿ ಒಂದು ಲ್ಯಾಟಿನ್ ಶಾಲೆಯನ್ನು ಸ್ಥಾಪಿಸತಕ್ಕದ್ದೆಂಬದೂ ಅವುಗಳಲ್ಲಿ ಸೇರಿತ್ತು. 18ರ ಬೆಳಗಿನ ಜಾವದಲ್ಲಿ ಲೂಥರನು ತಾನು ಹುಟ್ಟಿದ ಊರಿನಲ್ಲಿಯೇ ಕರ್ತನಲ್ಲಿ ನಿದ್ರೆಹೋದನು. ಶರೀರವನ್ನು ವಿಟ್ಟೆನ್‌ಬೆರ್ಗಿಗೆ ಒಯ್ದು 22ರಂದು ಹೂಣಿಟ್ಟರು.

ಒಂದನ್ನು ನಾವು ಮರೆಮಾಡಬಾರದು. ದಾಯಾದಿಗಳನ್ನು ಕೂಡಿಸಿದ ಆತನೇ, ಕ್ರಿಸ್ತನನ್ನು ನಂಬದ ಯೆಹೂದ್ಯರನ್ನು ನಾಡಿನಲ್ಲಿ ಇರಗೊಡಬಾರದೆಂದು ಅದೇ ದಿನಗಳಲ್ಲಿ, ಅದೇ ಊರಿನಲ್ಲಿ ಕಠಿಣವಾಗಿ ಬೋಧಿಸಿದನು. ದೊಡ್ಡವರ ದೋಷವೂ ದೋಷವೇ, ಅದನ್ನು ಅನುಸರಿಸತಕ್ಕದ್ದಲ್ಲ.

ಆತನು ಹುಟ್ಟಿದ ಮನೆಯು 1689ರಲ್ಲಿ ಬೆಂಕಿಗೆ ಆಹುತಿಯಾಯಿತು. ಪಟ್ಟಣದವರು ಅದನ್ನು ತಿರಿಗಿ ಕಟ್ಟಿ, 1693ರಲ್ಲಿ ಬಡ ಮಕ್ಕಳ ಶಾಲೆಯಾಗಿಯೂ ಸ್ಮಾರಕವಾಗಿಯೂ ಮಾಡಿದರು. ಹೊಲದ ಗಡಿಗಾಗಿ, ಮನೆಯ ಪಾಲಿಗಾಗಿ ಒಡಹುಟ್ಟಿದವರು ಮಾತು ಬಿಟ್ಟಿರುವುದು ಯಾವ ದೇಶದಲ್ಲಿ ಇಲ್ಲ? ರೋಗಿಯಾದ ಮುದುಕನೊಬ್ಬನು ಇಂಥ ಜಗಳವನ್ನು ತೀರಿಸುವದಕ್ಕಾಗಿ ಮೂರನೆಯ ಸಾರಿಯೂ ಪ್ರಯಾಣಮಾಡಿದನು. ನಮಗೋ, ನೆರೆಮನೆಯ ಹೊಸ್ತಿಲು ಅಷ್ಟು ದೂರವಲ್ಲ.