ಎಮಿಲಿ ರೋಬ್ಲಿಂಗ್ ಅಮ್ಮನವರು

ಅಮೇರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿರುವ ಬ್ರೂಕ್ಲಿನ್ ತೂಗುಸೇತುವೆಯ ಹೆಸರನ್ನು ಕೇಳದವರು ವಿರಳ. ಈ ಸೇತುವೆಯ ನಕ್ಷೆಯನ್ನು ಬರೆದವರು ಒಬ್ಬರು, ಅದನ್ನು ಕಟ್ಟುವ ಭಾರವನ್ನು ಹೊತ್ತವರು ಅವರ ಮಗ. ಆದರೆ ಆ ಮಗನು ಹಾಸಿಗೆ ಹಿಡಿದ ಮೇಲೆ ಹನ್ನೊಂದು ವರುಷಗಳ ಕಾಲ ಕೆಲಸವು ನಿಲ್ಲದಂತೆ ನೋಡಿಕೊಂಡವರು ಆತನ ಪತ್ನಿಯಾದ ಎಮಿಲಿ ವಾರೆನ್ ರೋಬ್ಲಿಂಗ್ ಅಮ್ಮನವರು. ಹೆಣ್ಣುಮಕ್ಕಳ ವಿದ್ಯೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಇವರ ಜೀವಿತವೇ ತಕ್ಕ ಉತ್ತರವಾಗಿದೆ.

ಎಮಿಲಿಯವರು ೧೮೪೩ನೆಯ ಇಸವಿ ಸೆಪ್ಟೆಂಬರ್ ೨೩ನೆಯ ತಾರೀಖಿನಲ್ಲಿ, ಹಡ್ಸನ್ ನದಿಯ ತೀರದಲ್ಲಿರುವ ಕೋಲ್ಡ್ ಸ್ಪ್ರಿಂಗ್ ಎಂಬ ಊರಿನಲ್ಲಿ, ಹನ್ನೆರಡು ಮಕ್ಕಳಿದ್ದ ಕುಟುಂಬದಲ್ಲಿ ಹನ್ನೊಂದನೆಯ ಕೂಸಾಗಿ ಹುಟ್ಟಿದರು. ಅಣ್ಣನಾದ ಗವರ್ನರ್ ವಾರೆನ್ ಎಂಬಾತನು ಸೈನ್ಯದಲ್ಲಿ ಇಂಜನಿಯರಾಗಿದ್ದು, ತಂಗಿಯ ಬುದ್ಧಿಶಕ್ತಿಯನ್ನು ಕಂಡು, ಆಕೆಯನ್ನು ವಾಷಿಂಗ್‌ಟನ್ ಸಮೀಪದ ಜಾರ್ಜ್‌ಟೌನಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡಿಸುತ್ತಿದ್ದ ಕನ್ಯಾಶಾಲೆಗೆ ಸೇರಿಸಿದನು. ಅಲ್ಲಿ ಹೊಲಿಗೆ, ಸಂಗೀತ, ಗೃಹಕೃತ್ಯಗಳ ಜೊತೆಗೆ ಚರಿತ್ರೆ, ಭೂಗೋಳ, ಬೀಜಗಣಿತಗಳೂ ಕಲಿಸಲ್ಪಡುತ್ತಿದ್ದವು. ಆ ಬೀಜಗಣಿತವು ಮುಂದೆ ಎಂತಹ ಕೆಲಸಕ್ಕೆ ಬರುವುದೆಂದು ಆಗ ಗುರುಗಳಾಗಲಿ ಶಿಷ್ಯೆಯಾಗಲಿ ಎಣಿಸಿರಲಾರರು.

ದೇಶದಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದಾಗ, ೧೮೬೪ರಲ್ಲಿ, ಎಮಿಲಿಯವರು ಅಣ್ಣನ ದಂಡಿನ ಬೀಡಿಗೆ ಹೋಗಿದ್ದರು. ಅಲ್ಲಿ ಅಣ್ಣನ ಕೈಕೆಳಗೆ ಕೆಲಸ ಮಾಡುತ್ತಿದ್ದ ವಾಷಿಂಗ್‌ಟನ್ ರೋಬ್ಲಿಂಗ್ ಎಂಬ ತರುಣನ ಪರಿಚಯವಾಯಿತು. ೧೮೬೫ನೆಯ ಇಸವಿ ಜನವರಿ ೧೮ರಂದು ಅವರಿಬ್ಬರಿಗೂ ವಿವಾಹವಾಯಿತು. ವರನ ತಂದೆಯಾದ ಜಾನ್ ರೋಬ್ಲಿಂಗರು ನಯಾಗರದ ಮೇಲೆ ರೈಲುಗಾಡಿ ಹೋಗುವಂತಹ ತೂಗುಸೇತುವೆಯನ್ನು ಕಟ್ಟಿ ಹೆಸರಾಗಿದ್ದವರು.

ಆ ಕಾಲದಲ್ಲಿ ಬ್ರೂಕ್ಲಿನ್ ಬೇರೆಯೇ ಒಂದು ಪಟ್ಟಣ. ನ್ಯೂಯಾರ್ಕಿಗೂ ಅದಕ್ಕೂ ನಡುವೆ ಈಸ್ಟ್ ನದಿಯೆಂದು ಕರೆಯಲ್ಪಡುವ ಸಮುದ್ರದ ಜಲಸಂಧಿಯಿರುವುದರಿಂದ ಜನರು ದೋಣಿಗಳನ್ನೇ ನಂಬಬೇಕಾಗಿತ್ತು. ೧೮೬೬-೬೭ರ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ದೋಣಿಗಳು ನಿಂತುಹೋಗಲು, ಸೇತುವೆಯು ಬೇಕೇಬೇಕೆಂಬ ಕೂಗು ಎದ್ದಿತು. ಮುಖ್ಯ ಇಂಜನಿಯರಾಗಿ ಜಾನ್ ರೋಬ್ಲಿಂಗರು ನೇಮಿಸಲ್ಪಟ್ಟರು. ಆದರೆ ೧೮೬೯ರಲ್ಲಿ, ದಡದಲ್ಲಿ ನಿಂತು ಸ್ಥಳವನ್ನು ಅಳೆಯುತ್ತಿದ್ದಾಗ, ದೋಣಿಯೊಂದು ತಾಗಿ ಅವರ ಪಾದವು ಜಜ್ಜಿಹೋಯಿತು. ಗಾಯವು ಧನುರ್ವಾಯುವಿಗೆ ತಿರುಗಿ, ಜುಲೈ ೨೨ರಂದು ಅವರು ತೀರಿಕೊಂಡರು. ಮಹಾಕಾರ್ಯದ ಭಾರವೆಲ್ಲ ಮೂವತ್ತೆರಡು ವಯಸ್ಸಿನ ಮಗನ ಹೆಗಲಿಗೆ ಬಿತ್ತು.

ನೀರಿನೊಳಗೆ ಗೋಪುರದ ಅಸ್ತಿಭಾರವನ್ನು ಹಾಕುವ ವಿಧಾನವನ್ನು ಇಲ್ಲಿ ಸ್ವಲ್ಪ ತಿಳಿಸಬೇಕು. ಬರಿದಾದ ಚೊಂಬನ್ನು ಬೋರಲು ಮಾಡಿ ನೀರಿನಲ್ಲಿ ಅದುಮಿದರೆ ಒಳಗಿನ ಗಾಳಿಯು ನೀರನ್ನು ಮೇಲಕ್ಕೆ ಬರಗೊಡಿಸುವುದಿಲ್ಲ. ಅದರಂತೆಯೇ ೧೬೮ ಅಡಿ ಉದ್ದ, ೧೦೨ ಅಡಿ ಅಗಲವಾದ ಮರದ ಪೆಟ್ಟಿಗೆಯನ್ನು ಬೋರಲಾಗಿ ಮುಳುಗಿಸಿ, ಯಂತ್ರದಿಂದ ಗಾಳಿಯನ್ನು ಒತ್ತಿ ತುಂಬಿ, ಕೂಲಿಗಳು ಅದರೊಳಗೆ ಇಳಿದು ತಳದ ಮಣ್ಣನ್ನು ಅಗೆಯುವರು. ಮೇಲೆ ಕಲ್ಲುಕಟ್ಟಡದ ಭಾರವು ಏರಿದಂತೆ ಪೆಟ್ಟಿಗೆಯು ಕೆಳಕ್ಕೆ ಇಳಿಯುವುದು. ಇಂತಹ ಪೆಟ್ಟಿಗೆಗಳ ವಿಷಯವನ್ನು ಕಲಿಯುವುದಕ್ಕಾಗಿಯೇ ಈ ದಂಪತಿಗಳು ೧೮೬೭ರಲ್ಲಿ ಯೂರೋಪ್ ಖಂಡಕ್ಕೆ ಹೋಗಿದ್ದರು. ಅವರ ಒಬ್ಬನೇ ಮಗನು ಹುಟ್ಟಿದ್ದೂ ಆ ಪ್ರಯಾಣದಲ್ಲಿ, ಜರ್ಮನಿಯಲ್ಲಿ.

ಆದರೆ ಒತ್ತಿದ ಗಾಳಿಯಲ್ಲಿ ಒಂದು ಅಪಾಯವು ಅಡಗಿತ್ತು. ಅಧಿಕ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಮನುಷ್ಯನು ಬೇಗನೆ ಮೇಲಕ್ಕೆ ಬಂದರೆ ಅದು ಗುಳ್ಳೆಗಳಾಗಿ ಹೊರಟು, ಕೀಲುಗಳನ್ನೂ ನರಗಳನ್ನೂ ಹಿಂಡುತ್ತದೆ. ನಿಧಾನವಾಗಿ ಏರುವುದೇ ಇದಕ್ಕೆ ಉಪಾಯವೆಂಬುದು ಆಗ ಸರಿಯಾಗಿ ತಿಳಿದಿರಲಿಲ್ಲ. ಅನೇಕ ಕೂಲಿಗಳು ನರಳಿದರು, ಕೆಲವರು ಸತ್ತರು. ನ್ಯೂಯಾರ್ಕ್ ಕಡೆಯ ಪೆಟ್ಟಿಗೆಯು ೭೮ ಅಡಿಗೂ ಕೆಳಕ್ಕೆ ಹೋದಾಗ, ವಾಷಿಂಗ್‌ಟನ್ನರು ಬಂಡೆಯನ್ನು ಮುಟ್ಟುವ ಆಸೆಯನ್ನು ಬಿಟ್ಟು, ಅಲ್ಲಿಯ ಗಟ್ಟಿ ಮರಳೇ ಸಾಕೆಂದು ನಿರ್ಣಯಿಸಿ ಅಗೆತವನ್ನು ನಿಲ್ಲಿಸಿದರು. ಇನ್ನೂ ಎಷ್ಟೋ ಪ್ರಾಣಗಳು ಇದರಿಂದ ಉಳಿದವು. ಆದರೆ ಕೂಲಿಗಳೊಡನೆ ಪದೇ ಪದೇ ಕೆಳಕ್ಕೆ ಇಳಿಯುತ್ತಿದ್ದ ಅವರನ್ನು ಅದೇ ರೋಗವು ೧೮೭೨ರಲ್ಲಿ ಕೆಡವಿತು. ಕಣ್ಣು ಮಂಕಾಯಿತು, ಜನರ ಮಾತನ್ನೂ ಸದ್ದನ್ನೂ ಸಹಿಸುವ ಶಕ್ತಿಯು ಹೋಯಿತು.

ಇಲ್ಲಿಂದಲೇ ಎಮಿಲಿ ಅಮ್ಮನವರ ಸೇವೆಯು ಪ್ರಾರಂಭವಾಯಿತು. ಮೊದಮೊದಲು ಅವರು ಗಂಡನ ಮಾತುಗಳನ್ನು ಬರೆದುಕೊಂಡು ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತಿದ್ದರು. ಆದರೆ ಅರ್ಥ ತಿಳಿಯದೆ ಮಾತನ್ನು ಸಾಗಿಸುವವರು ಎದುರುಪ್ರಶ್ನೆಗೆ ಉತ್ತರ ಕೊಡಲಾರರಷ್ಟೆ. ಆದುದರಿಂದ ಅವರು ಗಣಿತವನ್ನೂ, ಸಾಮಾನುಗಳು ಎಷ್ಟು ಭಾರವನ್ನು ತಾಳುವವೆಂಬ ಶಾಸ್ತ್ರವನ್ನೂ, ಉಕ್ಕಿನ ತಂತಿಗಳನ್ನು ಹುರಿಗೂಡಿಸುವ ಕ್ರಮವನ್ನೂ ಕಲಿಯತೊಡಗಿದರು. ಬಾಗಿಲಿಗೆ ಕಟ್ಟಿದ ತೋರಣದ ಹಗ್ಗವು ನಡುವೆ ಜೋಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ಬಾಗಿನ ಲೆಕ್ಕವನ್ನು ಅವರು ಅಭ್ಯಾಸ ಮಾಡಿದರು. ದಿನದಿನವೂ ಸೇತುವೆಯ ಬಳಿಗೆ ಹೋಗಿ ಸಹಾಯಕ ಇಂಜನಿಯರುಗಳೊಡನೆ ಮಾತನಾಡುವುದು, ಕಂಟ್ರಾಕ್ಟುದಾರರಿಗೆ ಪತ್ರ ಬರೆಯುವುದು, ಲೆಕ್ಕಪತ್ರಗಳನ್ನು ಇಡುವುದು, ಮನೆಗೆ ಬಂದ ದೊಡ್ಡ ಮನುಷ್ಯರಿಗೆ ಸಮಾಧಾನ ಹೇಳುವುದು, ಇವೆಲ್ಲವೂ ಅವರ ಪಾಲಿಗೆ ಬಂದವು. ರೋಗಿಯು ಕಿಟಕಿಯಿಂದ ದೂರದರ್ಶಕದ ಮೂಲಕ ಕೆಲಸವನ್ನು ನೋಡುತ್ತಿದ್ದರು.

ಕಷ್ಟಗಳು ಒಂದೆರಡಲ್ಲ. ೧೮೭೮ರಲ್ಲಿ ತಂತಿ ಒದಗಿಸುವ ಕಂಟ್ರಾಕ್ಟುದಾರನು ಪರೀಕ್ಷಕರಿಗೆ ಒಳ್ಳೆಯ ತಂತಿಯನ್ನು ತೋರಿಸಿ, ದಾರಿಯಲ್ಲಿ ಕೆಟ್ಟದ್ದನ್ನು ಬದಲಾಯಿಸುತ್ತಿದ್ದನೆಂಬ ಮೋಸವು ಬೈಲಿಗೆ ಬಂತು. ಆಗಲೇ ಹಗ್ಗಗಳಲ್ಲಿ ಸೇರಿಹೋಗಿದ್ದ ತಂತಿಯನ್ನು ತೆಗೆಯುವುದು ಅಸಾಧ್ಯ. ಆದರೆ ಬೇಕಾದುದಕ್ಕಿಂತ ಆರು ಪಟ್ಟು ಬಲವಿರಬೇಕೆಂದು ಮೊದಲೇ ಎಣಿಸಿದ್ದುದರಿಂದ, ಈ ಮೋಸವನ್ನು ಕಳೆದರೂ ಸುಮಾರು ಐದು ಪಟ್ಟು ಉಳಿಯುತ್ತಿತ್ತು. ಅದಲ್ಲದೆ ನಾಲ್ಕು ಹಗ್ಗಗಳಲ್ಲಿ ಒಂದೊಂದಕ್ಕೂ ೧೫೦ ತಂತಿಗಳು ಹೆಚ್ಚಾಗಿ ಸೇರಿಸಲ್ಪಟ್ಟವು. ಮುಂದಾಲೋಚನೆಯಿಂದ ಕಟ್ಟಿದ್ದು ಪರರ ವಂಚನೆಯನ್ನೂ ತಾಳಿಕೊಂಡಿತು.

೧೮೮೨ರಲ್ಲಿ, ಕಣ್ಣಿಗೆ ಕಾಣದ ಇಂಜನಿಯರು ನಮಗೇತಕ್ಕೆ ಎಂಬ ವಾದವೆದ್ದು, ವಾಷಿಂಗ್‌ಟನ್ನರನ್ನು ಕೆಲಸದಿಂದ ಬಿಡಿಸಬೇಕೆಂಬ ಸೂಚನೆಯು ಆಡಳಿತ ಸಭೆಯ ಮುಂದೆ ಬಂತು. ಅವರ ಪಕ್ಷಕ್ಕೆ ಹತ್ತು, ವಿರೋಧವಾಗಿ ಏಳು ಮತಗಳು ಬಿದ್ದು ಪದವಿಯು ಉಳಿಯಿತು. ಇಷ್ಟು ವರುಷ ರೋಗಿಯ ಕೋಣೆಗೂ ಸಭೆಗೂ ನಡುವೆ ನಂಬಿಕೆಯು ಕಡಿಯದಂತೆ ಕಾಪಾಡಿಕೊಂಡು ಬಂದವರು ಎಮಿಲಿ ಅಮ್ಮನವರೇ.

೧೮೮೩ನೆಯ ಇಸವಿ ಮೇ ೨೪ರಂದು ಸೇತುವೆಯು ತೆರೆಯಲ್ಪಟ್ಟಿತು. ಗೋಪುರಗಳ ನಡುವಣ ಅಂತರ ೧೫೯೫ ಅಡಿಗಿಂತ ಹೆಚ್ಚು. ಆಗ ಲೋಕದಲ್ಲಿ ಅಷ್ಟು ಉದ್ದವಾದ ತೂಗುಸೇತುವೆಯು ಮತ್ತೊಂದಿರಲಿಲ್ಲ. ತೂಗುಸೇತುವೆಯ ದೊಡ್ಡ ಹಗ್ಗಗಳಿಗೆ ಸತುವಿನ ಲೇಪವುಳ್ಳ ಉಕ್ಕಿನ ತಂತಿಯನ್ನು ಉಪಯೋಗಿಸಿದ್ದೂ ಇದೇ ಮೊದಲು. ಆ ಉತ್ಸವಕ್ಕೆ ಮುಂಚೆಯೇ ಮೊದಲ ಬಂಡಿಯಲ್ಲಿ ಕುಳಿತು ಸೇತುವೆಯನ್ನು ದಾಟುವ ಮಾನವು ಎಮಿಲಿಯವರಿಗೆ ದೊರೆಯಿತು. ಜಯದ ಗುರುತಾಗಿ ಅವರು ಒಂದು ಹುಂಜವನ್ನು ಹಿಡಿದುಕೊಂಡು ಹೋದರೆಂದು ಹೇಳುತ್ತಾರೆ. ಉತ್ಸವದ ದಿನ ಮುಖ್ಯ ಭಾಷಣಕಾರರು ಸಹ ಅವರ ಹೆಸರನ್ನೆತ್ತಿ, ಸ್ತ್ರೀಯರಿಗೆ ಬಹುಕಾಲ ಮುಚ್ಚಿದ್ದ ಉನ್ನತ ವಿದ್ಯೆಗೆ ಅವರು ಎಷ್ಟು ಅರ್ಹರೆಂಬುದಕ್ಕೆ ಈ ಸೇತುವೆಯೇ ಸಾಕ್ಷಿಯೆಂದು ಕೊಂಡಾಡಿದರು.

ಎಮಿಲಿಯವರ ಕಲಿಕೆಯು ಅಲ್ಲಿಗೆ ಮುಗಿಯಲಿಲ್ಲ. ಐವತ್ತೈದು ವರುಷ ಪ್ರಾಯದಲ್ಲಿ, ೧೮೯೯ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ತ್ರೀಯರ ತರಗತಿಯಲ್ಲಿ ಕಾನೂನನ್ನು ಓದಿ ಪ್ರಮಾಣಪತ್ರವನ್ನು ಪಡೆದು, ವಿವಾಹಿತ ಸ್ತ್ರೀಗೆ ಕಾನೂನಿನಲ್ಲಿದ್ದ ಕುಂದುಗಳನ್ನು ಕುರಿತು ಪ್ರಬಂಧವನ್ನು ಬರೆದರು. ೧೯೦೩ನೆಯ ಇಸವಿ ಫೆಬ್ರವರಿ ೨೮ರಂದು ಅವರು ಕಾಲವಾದರು. ರೋಗಿಯೆನಿಸಿದ್ದ ಪತಿಯು ೧೯೨೬ರ ವರೆಗೆ, ಎಂಭತ್ತೊಂಭತ್ತು ವಯಸ್ಸಿನ ತನಕ ಬಾಳಿದರು.

ಈಚಿನ ಕೆಲವರು ಇವರನ್ನೇ ಮುಖ್ಯ ಇಂಜನಿಯರೆಂದು ಬರೆಯುವುದುಂಟು. ಅದು ಸರಿಯಲ್ಲ, ಆ ಪದವಿಯು ಕೊನೆಯ ವರೆಗೂ ಪತಿಯದೇ ಆಗಿತ್ತು. ಬೇರೆ ಕೆಲವರು ಇವರನ್ನು ಕೇವಲ ಓಲೆಕಾರ್ತಿಯೆಂದು ತಳ್ಳಿಬಿಡುತ್ತಾರೆ. ಅದೂ ಸರಿಯಲ್ಲ. ಸತ್ಯವು ಇವೆರಡಕ್ಕಿಂತ ದೊಡ್ಡದು: ಪದವಿಯೂ ಸಂಬಳವೂ ಇಲ್ಲದೆ, ಅಗತ್ಯವು ಬಂದಾಗ ಕಠಿಣವಾದ ಶಾಸ್ತ್ರವನ್ನು ಕಲಿತು, ಅದನ್ನು ಸಾವಿರಾರು ಜನರ ಕ್ಷೇಮಕ್ಕಾಗಿ ಉಪಯೋಗಿಸಿದವರು ಅವರು. ನೂರನಲವತ್ತು ವರುಷಗಳು ಕಳೆದರೂ ಆ ಸೇತುವೆಯ ಮೇಲೆ ಜನರೂ ವಾಹನಗಳೂ ಇಂದಿಗೂ ಸಂಚರಿಸುತ್ತಿವೆ. ತಾಯಿತಂದೆಗಳೇ, ನಿಮ್ಮ ಹೆಣ್ಣುಮಗಳು ಬೀಜಗಣಿತದ ಪುಸ್ತಕವನ್ನು ಹಿಡಿದು ಕುಳಿತಿರುವಾಗ, ಇದು ಇವಳಿಗೇತಕ್ಕೆ ಎಂದು ಕೇಳಿ ಎಬ್ಬಿಸಬೇಡಿರಿ. ಯಾವ ದಿನ, ಯಾರ ಭಾರವನ್ನು ಹೊರುವುದಕ್ಕೆ ಅದು ಬೇಕಾಗುವುದೋ ಬಲ್ಲವರಾರು?