ಕವಿಶಿಷ್ಯ ಪಂಜೆ ಮಂಗೇಶರಾಯರು

ರಾಜ್ಯಗಳನ್ನು ಆಳಿದವರ, ಯುದ್ಧಗಳನ್ನು ಗೆದ್ದವರ ಚರಿತ್ರೆಗಳು ನಮ್ಮ ಮಕ್ಕಳ ಪುಸ್ತಕಗಳಲ್ಲಿ ಯಥೇಚ್ಛವಾಗಿ ದೊರೆಯುತ್ತವೆ. ಆ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ದಿನಂಪ್ರತಿ ಮಕ್ಕಳ ಮುಂದೆ ನಿಂತು ಬಾಳನ್ನು ಸವೆಯಿಸಿದವರ ಚರಿತ್ರೆಯಾದರೋ ವಿರಳವಾಗಿಯೇ ಬರೆಯಲ್ಪಟ್ಟಿದೆ. ಆದಕಾರಣ ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವೃತ್ತಾಂತವನ್ನು ಬರೆಯಬೇಕಾಗಿ ಬಂದಾಗ, ಕನ್ನಡ ಪಾಠದ ಒಂದು ಗಂಟೆಯನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದ ಪಂಜೆ ಮಂಗೇಶರಾಯರನ್ನು ನಾವು ಆರಿಸಿಕೊಂಡೆವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅವರ ಹೆಸರನ್ನು ಮರೆತಿರಬಹುದು. ಆದರೆ ತರಗತಿಯೆಲ್ಲ ಒಂದೇ ಸ್ವರದಲ್ಲಿ ಹಾಡುತ್ತಿದ್ದ ನಾಗರಹಾವಿನ ಪದ್ಯವನ್ನು ಮರೆತವರು ಇರಲಾರರು.

ಮಂಗೇಶರಾಯರು 1874ನೆಯ ಇಸವಿ ಫೆಬ್ರವರಿ 22ರಂದು ನೇತ್ರಾವತಿ ನದಿಯ ದಡದಲ್ಲಿರುವ ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಮನೆಯಲ್ಲಿ ಆಡುತ್ತಿದ್ದ ಮಾತು ಕೊಂಕಣಿ. ಬೀದಿಗೆ ಇಳಿದರೆ ಕಿವಿಗೆ ಬೀಳುತ್ತಿದ್ದುದು ತುಳು. ಪಾಠಶಾಲೆಯಲ್ಲಿ ಕಲಿಯಬೇಕಾದುದು ಕನ್ನಡ. ಮುಂದೆ ಸಾವಿರಾರು ಕನ್ನಡ ಮಕ್ಕಳ ನಾಲಗೆಯ ಮೇಲೆ ಕುಳಿತ ಪದ್ಯಗಳನ್ನು ಬರೆದವರು ಕನ್ನಡವನ್ನು ತೊಟ್ಟಿಲಿನಲ್ಲಿ ಕೇಳಿದವರಲ್ಲ, ಶಾಲೆಯಲ್ಲಿ ಕಲಿತವರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮ ಸೀಮೆಯ ಮಕ್ಕಳ ವಿಷಯಕ್ಕೆ ಬಂದಾಗ ಇದು ಪುನಃ ಬೇಕಾಗುವುದು.

ಬಂಟ್ವಾಳದಲ್ಲಿ ಮೊದಲ ವಿದ್ಯಾಭ್ಯಾಸವನ್ನು ಮುಗಿಸಿ ಅವರು ಮಂಗಳೂರಿಗೆ ಹೋದರು. ದಕ್ಷಿಣ ಕನ್ನಡವು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ ಜಿಲ್ಲೆಯಾಗಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1834ರಿಂದ ನೆಲೆಸಿ ಶಾಲೆಗಳನ್ನೂ ಅಚ್ಚುಕೂಟವನ್ನೂ ನಡೆಯಿಸುತ್ತಿದ್ದರು. ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವು 1843ರಲ್ಲಿ ಅಲ್ಲಿಂದಲೇ ಹೊರಟಿತು. ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ರಾಯರಿಗೆ ಆಗ ಇಪ್ಪತ್ತು ವರ್ಷ. ಭಾಷೆಯನ್ನು ಶ್ರದ್ಧೆಯಿಂದ ದುಡಿದು ಸಂಪಾದಿಸಬೇಕೆಂಬ ಭಾವನೆಯು ಬೆಳೆಯುವುದಕ್ಕೆ ಆ ಊರು ತಕ್ಕ ಸ್ಥಳವಾಗಿತ್ತು.

ರಾಯರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದರು. ಕನ್ನಡ ಪಂಡಿತರೆಂದರೆ ಆ ಕಾಲದಲ್ಲಿ ಸಂಬಳವೂ ಕಡಿಮೆ, ಗೌರವವೂ ಕಡಿಮೆ. ಇಂಗ್ಲಿಷ್ ಹೇಳಿಕೊಡುವವರಿಗೆ ಸಲ್ಲುತ್ತಿದ್ದ ಮನ್ನಣೆ ಅವರಿಗೆ ಸಲ್ಲುತ್ತಿರಲಿಲ್ಲ. ರಾಯರು ಇದಕ್ಕಾಗಿ ಎದೆಗುಂದದೆ, ನೌಕರಿಯಲ್ಲಿದ್ದುಕೊಂಡೇ ಓದನ್ನು ಮುಂದುವರಿಸಿ, ಉಪಾಧ್ಯಾಯ ವೃತ್ತಿಗೆ ಬೇಕಾದ ಎಲ್.ಟಿ. ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿದರು. 1900ರಲ್ಲಿ ಬೆನಗಲ್ ರಾಮರಾಯರ ಸುವಾಸಿನಿ ಎಂಬ ಮಾಸಪತ್ರಿಕೆಯಲ್ಲಿ ಅವರ ‘ನನ್ನ ಚಿಕ್ಕ ತಾಯಿ’ ಎಂಬ ಕಥೆಯು ಪ್ರಕಟವಾಯಿತು. ಕನ್ನಡದ ಮೊದಮೊದಲ ಸಣ್ಣ ಕಥೆಗಳಲ್ಲಿ ಅದು ಎಣಿಸಲ್ಪಡುತ್ತದೆ. ಮುಂದೆ ರಾಷ್ಟ್ರಕವಿಯೆಂದು ಹೆಸರಾದ ಮಂಜೇಶ್ವರದ ಗೋವಿಂದ ಪೈಗಳು ಬಾಲ್ಯದಲ್ಲಿ ಅವರ ಶಿಷ್ಯರಾಗಿದ್ದರು.

ತರುವಾಯ ಅವರು ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರರಾಗಿ ಊರೂರು ತಿರುಗಿದರು. ಉಪಾಧ್ಯಾಯರ ತರಬೇತಿಯ ಶಾಲೆಯಲ್ಲಿಯೂ ಕೆಲಸ ಮಾಡಿದರು. ಇನ್ಸ್‌ಪೆಕ್ಟರರು ಬರುತ್ತಾರೆಂದರೆ ಮಕ್ಕಳು ನಡುಗುವ ಕಾಲ ಅದು. ಈ ಇನ್ಸ್‌ಪೆಕ್ಟರರಾದರೋ ಕಥೆ ಹೇಳಿ ಹಾಡು ಹಾಡಿಸುವರೆಂದು ಮಕ್ಕಳು ಅವರ ಬರವನ್ನು ಎದುರುನೋಡುತ್ತಿದ್ದರೆಂಬ ಮಾತು ಆ ಜಿಲ್ಲೆಯಲ್ಲಿ ಬಹುಕಾಲ ನಿಂತಿತ್ತು. ಈ ತಿರುಗಾಟದಲ್ಲಿ ಅವರು ಕಂಡುಕೊಂಡ ಕೊರತೆಯೇ ಅವರ ಬಾಳಿನ ಕೆಲಸವನ್ನು ನಿರ್ಣಯಿಸಿತು. ಮಕ್ಕಳ ಕೈಗೆ ಕೊಡುವುದಕ್ಕೆ ಮಕ್ಕಳ ಪದ್ಯಗಳೇ ಇರಲಿಲ್ಲ. ದೊಡ್ಡವರಿಗಾಗಿ ಬರೆದ ಹಳೆಯ ಕಾವ್ಯಗಳ ತುಂಡುಗಳನ್ನೂ ನೀತಿಯ ಮಾತುಗಳನ್ನೂ ಮಕ್ಕಳು ಅರ್ಥವರಿಯದೆ ಉರುಹೊಡೆಯುತ್ತಿದ್ದರು. ಕೊರತೆಯನ್ನು ಕುರಿತು ದೂರಿಕೊಳ್ಳದೆ ರಾಯರು ತಾವೇ ಬರೆಯತೊಡಗಿದರು. ಅವರು ಸಂಪಾದಿಸಿದ ಕನ್ನಡ ಪದ್ಯಪುಸ್ತಕಗಳನ್ನು ಬಾಸೆಲ್ ಮಿಶನ್ ಅಚ್ಚುಕೂಟದವರು ಮುದ್ರಿಸಿದರು.

ಅವರ ಪದ್ಯಗಳ ಗುಣವು ತರಗತಿಯಲ್ಲಿ ಗಟ್ಟಿಯಾಗಿ ಹೇಳಿಸಿದಾಗಲೇ ತಿಳಿಯತಕ್ಕದ್ದು. ನಮ್ಮ ಶಾಲೆಯಲ್ಲಿ ಕನ್ನಡದ ಗಂಟೆ ಪ್ರಾರಂಭವಾಗುವ ಕ್ರಮವು ಓದುಗರಿಗೆ ತಿಳಿದೇ ಇದೆ. ಮೊದಲು ಉಪಾಧ್ಯಾಯಿನಿಯು ಪದ್ಯವನ್ನು ಒಮ್ಮೆ ರಾಗವಾಗಿ ಓದುವರು. ಬಳಿಕ ತರಗತಿಯೆಲ್ಲ ಕೂಡಿ ಹೇಳುವುದು. ಆಮೇಲೆ ಒಬ್ಬೊಬ್ಬಳೇ ಎದ್ದು ನಿಂತು ಹೇಳುವಳು. ನಾಗರಹಾವಿನ ಪದ್ಯದಲ್ಲಿ ಒಂದು ಮಗುವು ಹಾವನ್ನು ಕುರಿತು ಮಾತನಾಡುತ್ತದೆ. ಪ್ರತಿಯೊಂದು ನುಡಿಯೂ ಒಂದೇ ಅಕ್ಷರದ ಮಾತನ್ನು ನಾಲ್ಕು ಸಲ ಹೇಳಿ ಮುಗಿಯುವುದು. ಮೊದಲು ಹಾವನ್ನು ಹತ್ತಿರ ಕರೆದ ಮಗುವು ಕೊನೆಯ ನುಡಿಯಲ್ಲಿ ಅದನ್ನು ಹೊರಗೆ ಹೋಗೆಂದು ಅಟ್ಟುತ್ತದೆ. ಅಕ್ಕರೆ, ಆಸೆ, ಅಂಜಿಕೆ ಮೂರನ್ನೂ ಹತ್ತು ವರ್ಷದ ಹುಡುಗಿಯು ವ್ಯಾಖ್ಯಾನದ ಅವಶ್ಯವಿಲ್ಲದೆ ತನ್ನ ಕಂಠದಲ್ಲಿಯೇ ತೋರಿಸುವಳು. ನಾಗರಹೊಳೆಯ ಕಾಡಿನ ಅಂಚಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಹಾವೆಂಬುದು ಚಿತ್ರದ ವಸ್ತುವಲ್ಲ. ಆದಕಾರಣ ಕೊನೆಯ ನುಡಿಯನ್ನು ಅವರು ಹೇಳುವ ರಭಸವೇ ಬೇರೆ. ‘ತೆಂಕಣ ಗಾಳಿಯಾಟ’ವನ್ನು ಆಷಾಢದ ಗಾಳಿ ಬೀಸುವ ದಿನ ಹೇಳಿಸಿದರೆ ಪದಗಳ ಸದ್ದಿನಲ್ಲಿಯೇ ಗಾಳಿಯು ಕೇಳಿಸುತ್ತದೆ. ಕಂಠಪಾಠವೆಂಬುದು ಶಿಕ್ಷೆಯಾಗದೆ ಆಟವಾದುದು ಇಂಥ ಪದ್ಯಗಳಿಂದಲೇ.

ಪದ್ಯದಷ್ಟೇ ಕಥೆಯೂ ಅವರ ಕೈಗೆ ಒಗ್ಗಿತ್ತು. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಕೇಳಹೋದರೆ ಆ ಉತ್ತರದಿಂದಲೇ ಮತ್ತೊಂದು ಪ್ರಶ್ನೆ ಹುಟ್ಟಿ ಕಥೆಯು ಸರಪಣಿಯಂತೆ ಬೆಳೆಯುತ್ತದೆ. ಬರಹವನ್ನು ಕಲಿಸುವ ಉಪಾಧ್ಯಾಯಿನಿಗೆ ಇದಕ್ಕಿಂತ ಒಳ್ಳೆಯ ಸಾಧನ ಬೇರೊಂದಿಲ್ಲವೆಂದು ನಮ್ಮ ಅನುಭವ. ಎರಡು ವಾಕ್ಯಗಳನ್ನು ಬರೆದು ಮುಂದೇನೆಂದು ತೋಚದೆ ಪೆನ್ಸಿಲನ್ನು ಕಚ್ಚುತ್ತಾ ಕುಳಿತ ಹುಡುಗಿಗೆ, ಅದೇಕೆ ಹಾಗಾಯಿತೆಂದು ತನ್ನನ್ನೇ ಕೇಳಿಕೊಳ್ಳುವುದನ್ನು ಈ ಕಥೆಯು ಕಲಿಸುತ್ತದೆ. ಕೇಳಿಕೊಂಡವಳಿಗೆ ಮೂರನೆಯ ವಾಕ್ಯವು ತಾನಾಗಿ ಒದಗುವುದು. 1924ರಲ್ಲಿ ರಾಯರು ತುಳುನಾಡಿನ ಪಾಡ್ದನಗಳಲ್ಲಿ ಹಾಡಲ್ಪಡುವ ಅವಳಿ ವೀರರ ಕಥೆಯನ್ನು ‘ಕೋಟಿ ಚೆನ್ನಯ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಅಕ್ಷರವರಿಯದವರು ಗದ್ದೆಯಲ್ಲಿ ಹಾಡಿಕೊಂಡು ಬಂದ ಕಥೆಯೂ ಪುಸ್ತಕದಲ್ಲಿ ಸೇರಲು ಯೋಗ್ಯವೆಂಬುದನ್ನು ಅವರು ಹೀಗೆ ತೋರಿಸಿಕೊಟ್ಟರು.

ಉದ್ಯೋಗದ ಕೊನೆಯ ವರ್ಷಗಳಲ್ಲಿ ರಾಯರು ಕೊಡಗಿಗೆ ಬಂದು ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗು ಆಗ ಪ್ರತ್ಯೇಕ ಪ್ರಾಂತವಾಗಿತ್ತು. ಬೇರೆ ಊರಿನಿಂದ ಬಂದವರಾದರೂ ಅವರು ಆ ನಾಡಿನ ಬೆಟ್ಟಗಳನ್ನೂ ಕಾವೇರಿಯನ್ನೂ ಜನರ ಶೌರ್ಯವನ್ನೂ ಸುಗ್ಗಿಯ ಹಬ್ಬವನ್ನೂ ತಮ್ಮವೆಂದೇ ಎಣಿಸಿ ‘ಹುತ್ತರಿ ಹಾಡ’ನ್ನು ರಚಿಸಿದರು. ಮಡಿಕೇರಿಯಿಂದ ಮೈಸೂರಿಗೆ ಬರುವ ದಾರಿಯು ಪಿರಿಯಾಪಟ್ಟಣವನ್ನೂ ಹುಣಸೂರನ್ನೂ ಹಾದು ಬರುತ್ತದೆ. ಅವರ ಹಾಡುಗಳು ಕೂಡ ಅದೇ ದಾರಿಯಾಗಿ ನಮ್ಮ ಸೀಮೆಗೆ ಇಳಿದು ಬಂದವೆಂದು ಭಾವಿಸುವುದು ನಮಗೆ ಪ್ರಿಯವಾಗಿದೆ.

ಈ ಜೀವನದಿಂದ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಕ್ಕಳಿಗೆ ಆಗತಕ್ಕ ಪ್ರಯೋಜನವೇನು? ಆರನೆಯ ತರಗತಿಗೆ ಹೊಸದಾಗಿ ಬಂದ ಹುಡುಗಿಯರನ್ನು ನೋಡಿರಿ. ಕಾವೇರಿಯ ನಾಲೆಗಳ ಕೆಳಗಿನ ಬತ್ತದ ಗದ್ದೆಗಳಿಂದ ಬಂದವಳು ಒಬ್ಬಳು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ತಾಯಿಗೆ ನೆರವಾಗಿ ರಾತ್ರಿ ಎಚ್ಚರವಿದ್ದು ಬಂದವಳು ಇನ್ನೊಬ್ಬಳು. ಮನೆಯಲ್ಲಿ ಉರ್ದು ಆಡುವವಳು ಮತ್ತೊಬ್ಬಳು. ಕೋಟೆಯ ಕಾಡಿನಂಚಿನ ಹಾಡಿಯಿಂದ ಬಂದು ಜೇನುಕುರುಬರ ನುಡಿಯನ್ನಾಡುವವಳು ಬೇರೊಬ್ಬಳು. ಇವರಲ್ಲಿ ಕೆಲವರು ಎಷ್ಟೋ ದಿನ ಬಾಯಿ ತೆರೆಯುವುದಿಲ್ಲ. ತಮ್ಮ ಮನೆಯ ಮಾತು ಪುಸ್ತಕದ ಮಾತಿನಂತಿಲ್ಲವೆಂಬ ಅಳುಕು ಅವರನ್ನು ಹಿಡಿದಿರುತ್ತದೆ. ಓದನ್ನು ನಡುವೆ ಬಿಡುವ ಹುಡುಗಿಯು ಮೊದಲು ತರಗತಿಯಲ್ಲಿ ಮಾತನ್ನು ಬಿಡುವಳು. ಆಮೇಲೆ ಬರೆಯುವುದನ್ನು ಬಿಡುವಳು. ಶಾಲೆಗೆ ಬರುವುದನ್ನು ಬಿಡುವುದು ಕಟ್ಟಕಡೆಗೆ. ಹಾಜರಿ ಪುಸ್ತಕವು ಈ ಕೊನೆಯದನ್ನು ಮಾತ್ರ ತೋರಿಸುತ್ತದೆ. ಮೊದಲಿನ ಎರಡನ್ನು ಕಂಡುಹಿಡಿಯಬೇಕಾದವರು ಕನ್ನಡದ ಉಪಾಧ್ಯಾಯಿನಿಯರು.

ಆದಕಾರಣವೇ ನಾವು ಈ ತರಗತಿಗಳ ನಿತ್ಯದ ಕೆಲಸವನ್ನು ಅಲ್ಪವೆಂದು ತಿಳಿಯಬಾರದು. ಉಕ್ತಲೇಖನವನ್ನು ದಿನಕ್ಕೆ ಐದೇ ಸಾಲು ಬರೆಯಿಸಿದರೂ ಸಾಕು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು, ಳಕಾರ ಲಕಾರಗಳ ಭೇದವು ಕಿವಿಯಿಂದ ಕೈಗೆ ಇಳಿಯುವುದು. ಪಕ್ಕದವಳ ಪುಸ್ತಕವನ್ನು ತಿದ್ದುವುದರಿಂದ ತನ್ನ ತಪ್ಪು ತನಗೇ ಕಾಣಿಸುವುದು. ವಾರಕ್ಕೊಮ್ಮೆ ಅಜ್ಜಿಯಿಂದಲೋ ನೆರೆಯವರಿಂದಲೋ ಒಂದು ಗಾದೆಯನ್ನು, ಒಗಟನ್ನು, ಸೋಬಾನೆಯ ಹಾಡಿನ ಕಥೆಯನ್ನು ಕೇಳಿ ತಂದು ತನ್ನ ಮಾತಿನಲ್ಲಿ ಬರೆಯಬೇಕೆಂದರೆ, ಅದುವರೆಗೆ ಸುಮ್ಮನಿದ್ದ ಹುಡುಗಿಯ ಪುಸ್ತಕದಲ್ಲಿಯೂ ಒಂದು ಪುಟ ತುಂಬುವುದು. ಜೇನು ಇಳಿಸುವ ಬಗೆಯನ್ನು ಹಾಡಿಯ ಹುಡುಗಿಯು ಬರೆದರೆ ಅದನ್ನು ಪೇಟೆಯ ಹುಡುಗಿಯು ಓದಿ ಪ್ರಶ್ನೆ ಕೇಳುವಳು. ಅಲ್ಲಿಗೆ ಬರೆದವಳು ಹೇಳತಕ್ಕವಳಾದಳು, ಕೇಳಿದವಳು ಕಲಿಯತಕ್ಕವಳಾದಳು. ತುಳುವಿನ ಪಾಡ್ದನವನ್ನು ಕನ್ನಡದ ಮಕ್ಕಳ ಕೈಗೆ ಕೊಟ್ಟ ರಾಯರ ಮಾರ್ಗವು ಇದೇ ಅಲ್ಲವೇ? ಮನೆಯ ನುಡಿಯನ್ನು ಹಳಿದು ಶಾಲೆಯ ನುಡಿಯನ್ನು ಕಲಿಸಬೇಕಾಗಿಲ್ಲವೆಂಬುದಕ್ಕೆ ಕೊಂಕಣಿಯ ಮನೆಯಲ್ಲಿ ಹುಟ್ಟಿ ಕನ್ನಡದ ಮಕ್ಕಳ ಕವಿಯಾದ ಅವರ ಬಾಳೇ ಸಾಕ್ಷಿಯಾಗಿದೆ.

ರಾಯರು ತಮ್ಮ ಪದ್ಯಗಳ ಕೆಳಗೆ ಇಟ್ಟುಕೊಂಡ ಹೆಸರು ಕವಿಶಿಷ್ಯ ಎಂದು. ನೂರಾರು ಶಿಷ್ಯರಿಗೆ ಗುರುವಾಗಿದ್ದವರು ತಮ್ಮನ್ನು ಶಿಷ್ಯರೆಂದೇ ಕರೆದುಕೊಂಡರು. ಇದನ್ನು ಕೇವಲ ವಿನಯವೆಂದು ನಾವು ಭಾವಿಸುವುದಿಲ್ಲ. ಕಲಿಯುವುದನ್ನು ನಿಲ್ಲಿಸಿದವರು ಕಲಿಸಲಾರರೆಂಬ ವೃತ್ತಿಯ ಸತ್ಯವು ಆ ಹೆಸರಿನಲ್ಲಿದೆ. ಮಂಗಳೂರಿನ ಮಿತ್ರರೊಡನೆ ಕೂಡಿ ಅವರು ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗಾಗಿ ಪುಸ್ತಕಗಳು ಹೊರಡುವಂತೆ ಮಾಡಿದರು. 1934ರಲ್ಲಿ ರಾಯಚೂರಿನಲ್ಲಿ ಕೂಡಿದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯು ಅವರಿಗೆ ದೊರೆಯಿತು. ಮಹಾಕಾವ್ಯವನ್ನಾಗಲಿ ದೊಡ್ಡ ಶಾಸ್ತ್ರಗ್ರಂಥವನ್ನಾಗಲಿ ಬರೆಯದೆ, ಹೆಚ್ಚಾಗಿ ಮಕ್ಕಳ ಪಾಠಕ್ಕಾಗಿಯೇ ಬರೆದ ಒಬ್ಬ ಉಪಾಧ್ಯಾಯರಿಗೆ ನಾಡಿನ ವಿದ್ವಾಂಸರು ಆ ಪೀಠವನ್ನು ಬಿಟ್ಟುಕೊಟ್ಟದ್ದು ಉಪಾಧ್ಯಾಯ ವೃತ್ತಿಗೇ ಸಂದ ಗೌರವವಾಗಿದೆ. ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರ್ ತಿಂಗಳಿನಲ್ಲಿ, ತಮ್ಮ ಅರುವತ್ತಮೂರನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಗಳು ಮನೆಗೆ ಬಂದೊಡನೆ ಎಷ್ಟು ಅಂಕಗಳು ಬಂದವೆಂದು ಕೇಳುವುದು ಸಹಜವೇ ಸರಿ. ಅದರೊಡನೆ, ಈ ದಿನ ಏನನ್ನು ಬರೆದೆಯೆಂದು ಕೇಳಿ, ಅದನ್ನು ಗಟ್ಟಿಯಾಗಿ ಓದಿಸಿ, ಕೊನೆಯವರೆಗೆ ಕುಳಿತು ಕೇಳಿರಿ. ನಿಮಗೆ ಓದುಬರಹ ಬಾರದಿದ್ದರೂ ಚಿಂತೆಯಿಲ್ಲ. ಕೇಳುವುದಕ್ಕೆ ಅಕ್ಷರಜ್ಞಾನವು ಬೇಕಾಗಿಲ್ಲ. ನಿಮಗೆ ಗೊತ್ತಿರುವ ಕಥೆಯೊಂದನ್ನು ಅವಳಿಗೆ ಹೇಳಿದರೆ ಮಾರನೆಯ ದಿನದ ಪಾಠಕ್ಕೆ ನೀವೂ ಸಹಾಯ ಮಾಡಿದಂತಾಗುವುದು. ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಅನೇಕರು ತಾಯಂದಿರಾಗಿದ್ದೀರಿ; ಕೆಲವರು ಉಪಾಧ್ಯಾಯಿನಿಯರೂ ಆಗಿದ್ದೀರಿ. ಈ ಶಾಲೆಯಲ್ಲಿ ನೀವು ಕಂಠಪಾಠ ಮಾಡಿದ ಪದ್ಯಗಳಲ್ಲಿ ಒಂದನ್ನಾದರೂ ನಿಮ್ಮ ಮಕ್ಕಳಿಗೆ ಬಾಯಿಂದ ಬಾಯಿಗೆ ಕಲಿಸಿಕೊಡಿರಿ. ಕವಿಶಿಷ್ಯರ ಸ್ಮರಣೆಯನ್ನು ಉಳಿಸುವುದಕ್ಕೆ ನಮ್ಮಂಥವರಿಂದ ಆಗತಕ್ಕ ಸೇವೆ ಅದೇ. ನಮ್ಮ ಸೀಮೆಯ ಪ್ರತಿಯೊಬ್ಬ ಹುಡುಗಿಯೂ ತನ್ನ ಮನಸ್ಸಿನಲ್ಲಿರುವುದನ್ನು ಅಂಜಿಕೆಯಿಲ್ಲದೆ ಹೇಳಬಲ್ಲವಳೂ ತಪ್ಪಿಲ್ಲದೆ ಬರೆಯಬಲ್ಲವಳೂ ಆಗಲೆಂದು ಹಾರೈಸುತ್ತೇವೆ.